ಅಂಗಡಿ ಅಂಗಡಿ ಸುತ್ತಿದ ಡಾಕ್ಟರು: ಆರ್ಥರ್ ಹಿಲ್ ಹ್ಯಾಸಲ್

 

ಈ ಸಲದ ಗೋಡೆ ಪತ್ರಿಕೆಯಲ್ಲಿ ಮಹನೀಯರ ಜೀವನಚರಿತ್ರೆ ಬರೆಯುವ ಸರದಿ ನನ್ನದು. ನಾನು ಆರಿಸಿಕೊಂಡಿರುವುದು ಇಂಗ್ಲೆಂಡಿನ ಡಾಕ್ಟರ್ ಆರ್ಥರ್ ಹಿಲ್ ಹ್ಯಾಸಲ್ ಅವರನ್ನು. ಈ ಹೆಸರನ್ನು ನಿಮ್ಮಲ್ಲಿ ಬಹಳ ಮಂದಿ ಕೇಳಿರಲಿಕ್ಕಿಲ್ಲ. ಮೂರು ತಿಂಗಳ ಹಿಂದೆ ನಾನೂ ಕೇಳಿರಲಿಲ್ಲ. ಆದರೆ ಪ್ರಪಂಚದ ಎಲ್ಲ ವೈದ್ಯ ವಿದ್ಯಾರ್ಥಿಗಳೂ ಅವರ ಹೆಸರು ಓದುತ್ತಾರೆ. ಅದು ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ನಾನು ಇವರನ್ನೇ ಯಾಕೆ ಆರಿಸಿಕೊಂಡೆ ಅಂತ ಹೇಳಿಬಿಡುತ್ತೇನೆ. ನಿಮಗೆಲ್ಲ ಗೊತ್ತಿರುವ ಹಾಗೆ ನಮ್ಮಪ್ಪನದು ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಕಿರಾಣಿ ಅಂಗಡಿ. ಹೋದ ಹಬ್ಬದ ಹೊತ್ತಿಗೆ ಊರಲ್ಲಿ ಒಂದು ಮಾತು ಹಬ್ಬಿತು. ನಮ್ಮ ಅಂಗಡಿಯ ಖಾರದಪುಡಿಗೆ ಬಣ್ಣ ಬೆರೆಸಿದ್ದಾರೆ, ಕೈಗೆ ಹತ್ತಿದರೆ ಹೋಗೋದೇ ಇಲ್ಲ ಅಂತ ನಲ್ಲಿ ಹತ್ತಿರ ಯಾರೋ ಅಂದರಂತೆ. ವಾರದೊಳಗೆ ಅರ್ಧ ಊರು ಖಾರದಪುಡಿಗೆ ಬೇರೆ ಅಂಗಡಿಗೆ ಹೋಯಿತು. ಅಪ್ಪ ಯಾರ ಹತ್ತಿರವೂ ಜಗಳ ಆಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮಾತ್ರ ಅನ್ನ ಕಲೆಸುತ್ತಾ ಸುಮ್ಮನೆ ಇದ್ದುಬಿಡುತ್ತಿದ್ದರು. ನನಗೆ ಸಿಟ್ಟು ಬಂದು ತರಗತಿಯಲ್ಲಿ ಇಬ್ಬರ ಜೊತೆ ಕೈ ಕೈ ಮಿಲಾಯಿಸಿದೆ. ಅದೂ ನಿಮಗೆ ಗೊತ್ತು.

ಆವತ್ತು ವಿಜ್ಞಾನದ ಮೇಷ್ಟ್ರು ನನ್ನನ್ನು ಲ್ಯಾಬಿಗೆ ಕರೆದರು. ಹೊಡೀತಾರೆ ಅಂದುಕೊಂಡೆ. ಹೊಡೆಯಲಿಲ್ಲ. ಬಣ್ಣ ಇದೆ ಅನ್ನುವವರು ಎಷ್ಟು ಪೊಟ್ಟಣ ಪರೀಕ್ಷೆ ಮಾಡಿಸಿದ್ದಾರೆ ಅಂತ ಕೇಳಿದರು. ಒಂದೂ ಇಲ್ಲ ಅಂದೆ. ಬಣ್ಣ ಇಲ್ಲ ಅನ್ನುವ ನೀನು ಎಷ್ಟು ಪರೀಕ್ಷೆ ಮಾಡಿಸಿದ್ದೀಯ ಅಂತ ಕೇಳಿದರು. ನನಗೆ ಬಾಯಿ ಕಟ್ಟಿಹೋಯಿತು. ಆಮೇಲೆ ಹ್ಯಾಸಲ್ ಅವರ ಕಥೆ ಹೇಳಿದರು. ನಾನು ಇನ್ನಷ್ಟು ಓದಿ ತಿಳಿದುಕೊಂಡು ಬರೆದಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹ್ಯಾಸಲ್ ಅವರು 1817ರ ಡಿಸೆಂಬರ್ 13ರಂದು ಲಂಡನ್ ಹತ್ತಿರದ ಟೆಡಿಂಗ್ಟನ್ ಎಂಬ ಊರಿನಲ್ಲಿ ಜನಿಸಿದರು. ತಂದೆಯವರೂ ವೈದ್ಯರೇ. ಹದಿಹರೆಯದಲ್ಲಿ ಅವರನ್ನು ಐರ್ಲೆಂಡಿನ ಡಬ್ಲಿನ್ ನಗರಕ್ಕೆ, ಅಲ್ಲಿ ವೈದ್ಯರಾಗಿದ್ದ ಸರ್ ಜೇಮ್ಸ್ ಮರ್ರೆ ಎಂಬ ಸಂಬಂಧಿಕರ ಬಳಿ ಕೆಲಸ ಕಲಿಯಲು ಕಳಿಸಿದರು. ವೈದ್ಯ ಓದುತ್ತಿದ್ದರೂ ಅವರ ಮನಸ್ಸು ಗಿಡಮರಗಳ ಕಡೆಗೇ ಇತ್ತು. ಅದರಲ್ಲೂ ನಮ್ಮ ಕೆರೆಯಲ್ಲಿ ಬೆಳೆಯುವಂಥ ಹಸಿರು ಪಾಚಿ ಅಂದರೆ ಅವರಿಗೆ ಪ್ರಾಣ. ಸೂಕ್ಷ್ಮದರ್ಶಕದಲ್ಲಿ ಪಾಚಿ ನೋಡಿ ನೋಡಿ, 1845ರಲ್ಲಿ ಬ್ರಿಟನ್ನಿನ ಸಿಹಿನೀರಿನ ಪಾಚಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದರು. ಆಗ ಅವರಿಗೆ 28 ವರ್ಷವೂ ತುಂಬಿರಲಿಲ್ಲ.

ಆಮೇಲೆ ಅದೇ ಸೂಕ್ಷ್ಮದರ್ಶಕವನ್ನು ಮನುಷ್ಯನ ದೇಹದ ಕಡೆ ತಿರುಗಿಸಿದರು. ನಮ್ಮ ಎದೆಯ ಒಳಗೆ ಥೈಮಸ್ ಎಂಬ ಗ್ರಂಥಿ ಇದೆ. ಅದರೊಳಗಿನ ದುಂಡನೆಯ ಸಣ್ಣ ಕಣಗಳನ್ನು ಅವರು ವಿವರಿಸಿದರು. ಇವತ್ತಿಗೂ ಅವಕ್ಕೆ ಹ್ಯಾಸಲ್ ಕಣಗಳು ಎಂದೇ ಹೆಸರು. ವೈದ್ಯ ವಿದ್ಯಾರ್ಥಿಗಳು ಅವರ ಹೆಸರು ಓದುವುದು ಇಲ್ಲಿಯೇ. 1850ರಲ್ಲಿ ಲಂಡನ್ ಜನ ಕುಡಿಯುವ ನೀರನ್ನು ಪರೀಕ್ಷಿಸಿ, ಅದರಲ್ಲಿ ಏನೇನು ಜೀವಿ, ಏನೇನು ಕೊಳೆ ಇದೆ ಅಂತ ಪುಸ್ತಕ ಪ್ರಕಟಿಸಿದರು.

ಕಾಫಿ ಪುಡಿಯ ಗುಟ್ಟು

ಆ ಕಾಲದ ಲಂಡನ್ನಿನಲ್ಲಿ ಆಹಾರದ ಕಲಬೆರಕೆ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಜನ ಗೊಣಗುತ್ತಿದ್ದರು, ಅಂಗಡಿಯವರು ಇಲ್ಲ ಅನ್ನುತ್ತಿದ್ದರು, ಸರ್ಕಾರ ಸುಮ್ಮನಿತ್ತು. ಕಾಫಿ ಪುಡಿಗೆ ಚಿಕೋರಿ ಬೆರೆಸುತ್ತಾರೆ ಎಂಬ ದೂರು ಜೋರಾಗಿತ್ತು. ಚಿಕೋರಿ ಅಂದರೆ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಕಾಫಿ ಪುಡಿಯ ಹಾಗೇ ಕಾಣುತ್ತದೆ, ಬೆಲೆ ಕಡಿಮೆ. ಹಣಕಾಸು ಮಂತ್ರಿ ಸರ್ ಚಾರ್ಲ್ಸ್ ವುಡ್ ಅವರು ಪಾರ್ಲಿಮೆಂಟಿನಲ್ಲಿ, ಕಾಫಿಯಲ್ಲಿ ಚಿಕೋರಿ ಇದೆಯೋ ಇಲ್ಲವೋ ಕಂಡುಹಿಡಿಯಲು ಸಾಧ್ಯವಿಲ್ಲ ಎಂದು ರಸಾಯನ ತಜ್ಞರೇ ಹೇಳಿದ್ದಾರೆ ಅಂತ ತಿಳಿಸಿದರು. ಕಂಡುಹಿಡಿಯಲು ಆಗದು ಅಂದ ಮೇಲೆ ಇನ್ನೇನು ಮಾಡೋದು? ಅಲ್ಲಿಗೆ ಮಾತು ಮುಗಿಯಬೇಕಾಗಿತ್ತು.

ಹ್ಯಾಸಲ್ ಅವರು ಹಾಗೆ ಬಿಡಲಿಲ್ಲ. ನಾವು ತರಗತಿಯಲ್ಲಿ ಈರುಳ್ಳಿ ಸಿಪ್ಪೆ ಇಟ್ಟು ಜೀವಕೋಶ ನೋಡಿದೆವಲ್ಲ, ಇಟ್ಟಿಗೆ ಜೋಡಿಸಿದ ಹಾಗೆ ಕಾಣಿಸಿತಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಒಂದೊಂದು ಗಿಡದ ಜೀವಕೋಶಕ್ಕೂ ಅದರದೇ ಆಕಾರ. ಹುರಿದರೂ ಪುಡಿ ಮಾಡಿದರೂ ಆ ಆಕಾರ ಪೂರ್ತಿ ಅಳಿಯುವುದಿಲ್ಲ. ಕಾಫಿ ಬೀಜದ ಕೋಶವೇ ಬೇರೆ, ಚಿಕೋರಿ ಬೇರಿನ ಕೋಶವೇ ಬೇರೆ. ಹ್ಯಾಸಲ್ ಅವರು ಲಂಡನ್ನಿನ ಅಂಗಡಿಗಳಿಂದ 34 ಮಾದರಿ ಕಾಫಿ ಪುಡಿ ತಂದು ನೋಡಿದರು. ಅದರಲ್ಲಿ ಅಪ್ಪಟ ಕಾಫಿ ಇದ್ದದ್ದು ಬರೀ 3. ಆಗದು ಅಂತ ಮಂತ್ರಿಗಳು ಹೇಳಿದ್ದು ಆಯಿತು.

ಇಲ್ಲಿ ಒಂದು ಮಾತು. ನಮ್ಮ ಮನೆಗಳಲ್ಲೂ ಚಿಕೋರಿ ಹಾಕಿದ ಕಾಫಿಯನ್ನೇ ಕುಡಿಯುತ್ತೇವೆ. ಇವತ್ತು ನಮ್ಮ ದೇಶದ ನಿಯಮದ ಪ್ರಕಾರ ಅಂಥ ಮಿಶ್ರಣದಲ್ಲಿ ಕಾಫಿ ಕಡೇಪಕ್ಷ ನೂರಕ್ಕೆ 51 ಭಾಗ ಇರಬೇಕು, ಚಿಕೋರಿ ಎಷ್ಟಿದೆ ಅಂತ ಪೊಟ್ಟಣದ ಮೇಲೆ ಬರೆದಿರಬೇಕು. ಹೇಳಿ ಬೆರೆಸಿದರೆ ಅದು ಮಿಶ್ರಣ, ಹೇಳದೆ ಬೆರೆಸಿದರೆ ಕಲಬೆರಕೆ. ವ್ಯತ್ಯಾಸ ಇರುವುದು ಇಲ್ಲಿ.

ಪೊಟ್ಟಣದ ಮೇಲೆ ಬರೆದ ಹೆಸರು

ಹ್ಯಾಸಲ್ ಅವರ ಕೆಲಸ ಥಾಮಸ್ ವಾಕ್ಲಿ ಎಂಬುವರ ಕಣ್ಣಿಗೆ ಬಿತ್ತು. ಇವರು 1823ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯನ್ನು ಪ್ರಾರಂಭಿಸಿದವರು. ಈ ಪತ್ರಿಕೆ ಇವತ್ತಿಗೂ ಬರುತ್ತಿದೆ. ವಾಕ್ಲಿ ಅವರು ಹ್ಯಾಸಲ್ ಅವರಿಗೆ ಎಲ್ಲ ಆಹಾರವನ್ನೂ ಹೀಗೇ ಪರೀಕ್ಷಿಸುವ ಕೆಲಸ ಕೊಟ್ಟರು. 1851ರ ಜನವರಿಯಿಂದ 1854ರವರೆಗೆ ವರದಿಗಳು ಸಾಲಾಗಿ ಪ್ರಕಟವಾದವು.

ಈಗ ಅವರು ಕೆಲಸ ಮಾಡಿದ ರೀತಿ ಕೇಳಿ. ನನಗೆ ಬಹಳ ಹಿಡಿಸಿದ್ದು ಇದೇ. ಹ್ಯಾಸಲ್ ಅವರು ಹೆನ್ರಿ ಮಿಲ್ಲರ್ ಎಂಬ ಸಹಾಯಕರ ಜೊತೆ ಲಂಡನ್ನಿನ ಬೀದಿ ಬೀದಿ ಸುತ್ತಿ, ಮಾಮೂಲಿ ಗಿರಾಕಿಗಳ ಹಾಗೆ ಅಂಗಡಿಗೆ ಹೋಗಿ, ದುಡ್ಡು ಕೊಟ್ಟು ಸಾಮಾನು ಕೊಳ್ಳುತ್ತಿದ್ದರು. ಯಾವ ಅಂಗಡಿ, ಯಾವ ಬೀದಿ, ಯಾವ ದಿನ, ಎಷ್ಟು ಬೆಲೆ ಎಂಬುದನ್ನು ಬರೆದಿಡುತ್ತಿದ್ದರು. ಮಿಲ್ಲರ್ ಅವರು ಚಿತ್ರ ಬರೆಯುವವರು. ಸೂಕ್ಷ್ಮದರ್ಶಕದಲ್ಲಿ ಕಂಡಿದ್ದನ್ನು ಅವರು ಚಿತ್ರ ಬಿಡಿಸಿದರು. ಬ್ರೆಡ್ಡಿನಲ್ಲಿ ಕರಗಿಹೋದ ಪಟಿಕದಂಥ ವಸ್ತು ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ, ಅದಕ್ಕೆ ರಾಸಾಯನಿಕ ಪರೀಕ್ಷೆಯೇ ಬೇಕು. ಆ ಕೆಲಸದಲ್ಲಿ ಮೊದಮೊದಲು ಹೆನ್ರಿ ಲೆಥೆಬಿ ಎಂಬ ರಸಾಯನಶಾಸ್ತ್ರಜ್ಞರು ನೆರವಾದರು. ಒಂದು ಯಂತ್ರಕ್ಕೆ ಕಾಣಲಿಲ್ಲ ಅಂದರೆ ವಿಷ ಇಲ್ಲ ಅಂತ ಅಲ್ಲ. ಹುಡುಕುವ ದಾರಿ ಸರಿಯಿಲ್ಲ ಅಂತಲೂ ಇರಬಹುದು.

ಕೊನೆಗೆ ಫಲಿತಾಂಶವನ್ನು ಅಂಗಡಿಯ ಹೆಸರು, ವಿಳಾಸದ ಸಮೇತ ಅಚ್ಚು ಹಾಕಿಸಿದರು. ಒಂದು ಹೆಸರು ತಪ್ಪಾಗಿದ್ದರೂ ಕೋರ್ಟಿನಲ್ಲಿ ಪತ್ರಿಕೆ ಮುಳುಗಿಹೋಗುತ್ತಿತ್ತು. ಆದ್ದರಿಂದಲೇ ಅಷ್ಟು ಎಚ್ಚರಿಕೆ.

ಸುಮಾರು 2,500 ಮಾದರಿಗಳನ್ನು ಅವರು ಪರೀಕ್ಷಿಸಿದರು. ಸಿಕ್ಕಿದ್ದು ಏನು ಗೊತ್ತಾ?

ಬ್ರೆಡ್ಡು: ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಉಜ್ಜುತ್ತಾರಲ್ಲ, ಆ ಪಟಿಕ. ಕಡಿಮೆ ದರ್ಜೆಯ ಹಿಟ್ಟಿನ ಬ್ರೆಡ್ಡೂ ಬೆಳ್ಳಗೆ ಕಾಣಲಿ ಅಂತ ಹಾಕುತ್ತಿದ್ದರು. ನೋಡಿದ 49 ಬ್ರೆಡ್ಡುಗಳಲ್ಲಿ 49ರಲ್ಲೂ ಇತ್ತು.

ಖಾರದಪುಡಿ: ಕೆಂಪು ಸೀಸ. ಹಿಂದೆ ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲಿ ಅಂತ ಬಳಿಯುತ್ತಿದ್ದ ಬಣ್ಣ ಅದು. ಪಾದರಸದ ಕೆಂಪು ಬಣ್ಣವೂ ಸಿಕ್ಕಿತ್ತು.

ಮಕ್ಕಳ ಬಣ್ಣದ ಮಿಠಾಯಿ: ಸೀಸದಿಂದ ಮಾಡಿದ ಹಳದಿ ಮತ್ತು ಕೆಂಪು ಬಣ್ಣಗಳು.

ಬಾಟಲಿಯ ಉಪ್ಪಿನಕಾಯಿ, ಹಣ್ಣು: ಹಸಿರಾಗಿ ಕಾಣಲಿ ಅಂತ ತಾಮ್ರದ ಲವಣ.

ಖಾರದಪುಡಿಯ ಸಾಲು ಓದಿದಾಗ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ಪುಸ್ತಕ ಮುಚ್ಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದೆ.

ಒಳ್ಳೆಯವರ ಹೆಸರೂ ಬಂತು

ಮುಂದೆ ಓದಿದ್ದು ನನಗೆ ಧೈರ್ಯ ಕೊಟ್ಟಿತು. ಹ್ಯಾಸಲ್ ಅವರು ಕಲಬೆರಕೆ ಮಾಡಿದವರ ಹೆಸರನ್ನು ಮಾತ್ರ ಅಚ್ಚು ಹಾಕಿಸಲಿಲ್ಲ. ಶುದ್ಧವಾದ ಸಾಮಾನು ಮಾರಿದವರ ಹೆಸರು, ವಿಳಾಸವನ್ನೂ ಹಾಕಿಸಿದರು.

1852ರಲ್ಲಿ ನಡೆದ ಒಂದು ಘಟನೆ ಹೇಳ್ತೀನಿ. ಇದು ಮದ್ಯದ ವಿಷಯ, ಗೋಡೆ ಪತ್ರಿಕೆಯಲ್ಲಿ ಬರೆಯಬಹುದಾ ಅಂತ ಮೇಷ್ಟ್ರನ್ನು ಕೇಳಿದೆ, ಬರಿ ಅಂದರು. ಇಂಗ್ಲೆಂಡಿನ ಬರ್ಟನ್ ಎಂಬ ಊರು ಕಹಿ ಬಿಯರಿಗೆ ಹೆಸರುವಾಸಿ. ಆ ಕಹಿಗೆ ಸ್ಟ್ರಿಕ್ನೀನ್ ಎಂಬ ವಿಷ ಹಾಕುತ್ತಾರೆ ಎಂಬ ಸುದ್ದಿ ಫ್ರಾನ್ಸ್ ದೇಶದಿಂದ ಹಬ್ಬಿತು. ನಮ್ಮ ಕಾಡುಗಳಲ್ಲಿ ಕಾಸರಕದ ಮರ ಇದೆಯಲ್ಲ, ಅದರ ಬೀಜದಲ್ಲಿರುವ ವಿಷ ಅದೇ. ಬಿಯರ್ ಮಾಡುವವರು ಗಾಬರಿಯಾದರು. ಪ್ರಸಿದ್ಧ ರಸಾಯನಶಾಸ್ತ್ರಜ್ಞರು ಪರೀಕ್ಷಿಸಿದರು. ಹ್ಯಾಸಲ್ ಅವರೂ ಪರೀಕ್ಷಿಸಿದರು. ವಿಷ ಇರಲಿಲ್ಲ. ಇರಲಿಲ್ಲ ಅಂತಲೇ ಲ್ಯಾನ್ಸೆಟ್‌ನಲ್ಲಿ ಬಂತು. ನೂರು ಜನರ ಬಾಯಿಂದ ಬಂದ ಸುದ್ದಿಯನ್ನು ಎಣಿಸಿ ನೋಡಿದ ಲೆಕ್ಕ ಸುಳ್ಳು ಮಾಡಿತು.

ಲೆಕ್ಕ ಇದ್ದರೆ ತಪ್ಪು ಮಾಡಿದವನಿಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ತಪ್ಪು ಮಾಡದವನಿಗೆ ತಲೆ ತಗ್ಗಿಸುವ ಕಷ್ಟ ಇರುವುದಿಲ್ಲ.

ಕಾನೂನು ಬಂದದ್ದು ಹೇಗೆ

1855ರಲ್ಲಿ ಹ್ಯಾಸಲ್ ಅವರ ಎಲ್ಲ ವರದಿಗಳೂ ಪುಸ್ತಕವಾಗಿ ಬಂದವು. ಅದೇ ವರ್ಷ ಪಾರ್ಲಿಮೆಂಟು ಒಂದು ಸಮಿತಿ ಮಾಡಿತು. ಅದರ ಮುಂದೆ ಹ್ಯಾಸಲ್ ಅವರು ಮುಖ್ಯ ಸಾಕ್ಷಿಯಾಗಿ ನಿಂತರು. ಆದರೂ ಕಾನೂನು ತಡವಾಯಿತು. ಅಷ್ಟರಲ್ಲಿ 1858ರಲ್ಲಿ ಬ್ರಾಡ್‌ಫರ್ಡ್ ಎಂಬ ಊರಿನಲ್ಲಿ ಒಂದು ದುರಂತ ನಡೆಯಿತು. ಮಿಠಾಯಿ ಮಾಡುವವನು ಸಕ್ಕರೆ ಉಳಿಸಲು ಅಗ್ಗದ ಬಿಳಿಪುಡಿ ಬೆರೆಸುವ ರೂಢಿ ಇಟ್ಟುಕೊಂಡಿದ್ದ. ಔಷಧಿ ಅಂಗಡಿಯಲ್ಲಿ ಕೆಲಸದವನು ಕೈತಪ್ಪಿ ಆ ಪುಡಿಯ ಬದಲು ಆರ್ಸೆನಿಕ್ ಎಂಬ ಪಾಷಾಣ ಕೊಟ್ಟುಬಿಟ್ಟ. ಆ ಮಿಠಾಯಿ ತಿಂದು ಸುಮಾರು 20 ಜನ ತೀರಿಕೊಂಡರು, 200ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಮಕ್ಕಳೂ ಸತ್ತರು. ಯಾರಿಗೂ ಕೊಲ್ಲುವ ಉದ್ದೇಶ ಇರಲಿಲ್ಲ. ಏನು ಬೆರೆಸಿದ್ದೀರಿ ಅಂತ ಕೇಳುವವರೂ ಇರಲಿಲ್ಲ.

1860ರಲ್ಲಿ ಮೊದಲ ಕಾನೂನು ಬಂತು. ಅದರಲ್ಲಿ ಪರೀಕ್ಷಕರನ್ನು ಬೇಕಾದರೆ ನೇಮಿಸಬಹುದು ಅಂತ ಮಾತ್ರ ಇತ್ತು. ಹಾಗಾಗಿ ಬಹಳ ಕಡೆ ನೇಮಿಸಲೇ ಇಲ್ಲ. 1872ರಲ್ಲಿ ಅದನ್ನು ಬಿಗಿ ಮಾಡಿದರು. 1875ರಲ್ಲಿ ಬಂದ ಕಾನೂನು ಗಟ್ಟಿಯಾಗಿ ನಿಂತಿತು. ಕಾಫಿ ಪುಡಿ ಪರೀಕ್ಷೆಯಿಂದ ಅಲ್ಲಿಯವರೆಗೆ 25 ವರ್ಷ!

ಕೊನೆಯ ದಿನಗಳು

ಹ್ಯಾಸಲ್ ಅವರಿಗೆ ಶ್ವಾಸಕೋಶದ ಕಾಯಿಲೆ ಇತ್ತು. 1866ರಲ್ಲಿ ಅದು ಜೋರಾಗಿ ಲಂಡನ್ ಬಿಡಬೇಕಾಯಿತು. ಅವರು ಸುಮ್ಮನೆ ಮಲಗಲಿಲ್ಲ. ಐಲ್ ಆಫ್ ವೈಟ್ ಎಂಬ ದ್ವೀಪದ ವೆಂಟ್ನರ್‌ನಲ್ಲಿ ಕ್ಷಯರೋಗಿಗಳಿಗಾಗಿ ಒಂದು ಆಸ್ಪತ್ರೆ ಕಟ್ಟಿಸಲು ಮುಂದಾದರು. ಅಲ್ಲಿ ಒಬ್ಬೊಬ್ಬ ರೋಗಿಗೂ ದಕ್ಷಿಣಕ್ಕೆ ಮುಖ ಮಾಡಿದ, ಬಿಸಿಲು ಗಾಳಿ ಬರುವ ಬೇರೆ ಬೇರೆ ಕೋಣೆ. ತಮಗಿದ್ದ ಕಷ್ಟದಿಂದಲೇ ಬೇರೆಯವರಿಗೆ ಏನು ಬೇಕು ಅಂತ ಅವರು ತಿಳಿದುಕೊಂಡರು. ಆಮೇಲೆ ಇಟಲಿಯ ಸ್ಯಾನ್ ರೆಮೋ ಎಂಬ ಊರಿನಲ್ಲಿ ನೆಲೆಸಿದರು. 1893ರಲ್ಲಿ ತಮ್ಮ ಜೀವನದ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿ, 1894ರ ಏಪ್ರಿಲ್‌ನಲ್ಲಿ, ತಮ್ಮ 76ನೇ ವಯಸ್ಸಿನಲ್ಲಿ ತೀರಿಕೊಂಡರು.

ಇವತ್ತಿನ ಲೆಕ್ಕ

ಇವತ್ತು ಪ್ರಪಂಚದಲ್ಲೆಲ್ಲ ಹ್ಯಾಸಲ್ ಅವರ ದಾರಿಯಲ್ಲೇ ಕೆಲಸ ನಡೆಯುತ್ತಿದೆ. ಅಂಗಡಿ, ಮಾರುಕಟ್ಟೆ, ಹೊಲಗಳಿಂದ ಮಾದರಿ ತಂದು ಕೀಟನಾಶಕ, ಸೀಸ, ಬಣ್ಣ ಎಷ್ಟಿದೆ ಅಂತ ಅಳೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 1976ರಲ್ಲಿ ದೇಶ ದೇಶಗಳ ಇಂಥ ಲೆಕ್ಕಗಳನ್ನು ಒಂದು ಕಡೆ ಸೇರಿಸುವ ಕೆಲಸ ಪ್ರಾರಂಭಿಸಿತು. ನಮ್ಮ ದೇಶದಲ್ಲಿ 1954ರಲ್ಲಿ ಕಲಬೆರಕೆ ತಡೆ ಕಾಯಿದೆ ಬಂತು. ಅದರ ಜಾಗಕ್ಕೆ ಈಗ 2006ರ ಆಹಾರ ಸುರಕ್ಷತೆ ಕಾಯಿದೆ ಇದೆ.

ಮೇಷ್ಟ್ರು ಇನ್ನೊಂದು ವಿಷಯ ತಿಳಿಸಿದರು. ಹ್ಯಾಸಲ್ ಅವರು ಮುಖ್ಯವಾಗಿ ವಸ್ತು ಇದೆಯೋ ಇಲ್ಲವೋ ನೋಡಿದರು. ಅಪಾಯ ಎಷ್ಟು ಅಂತ ತಿಳಿಯಲು ಇನ್ನೂ ಎರಡು ಲೆಕ್ಕ ಬೇಕು. ಆ ಆಹಾರವನ್ನು ಒಬ್ಬರು ದಿನಕ್ಕೆ ಎಷ್ಟು ತಿನ್ನುತ್ತಾರೆ? ತಿನ್ನುವವರ ತೂಕ ಎಷ್ಟು? ನಮ್ಮಪ್ಪ 60 ಕಿಲೋ, ನನ್ನ ತಂಗಿ 15 ಕಿಲೋ. ಇಬ್ಬರೂ ಒಂದೇ ಅಳತೆಯ ಮಿಠಾಯಿ ತಿಂದರೆ, ಒಂದೊಂದು ಕಿಲೋ ತೂಕಕ್ಕೆ ತಂಗಿಗೆ ಸೇರುವುದು ಅಪ್ಪನ ನಾಲ್ಕರಷ್ಟು. ಸೀಸದ ವಿಷಯದಲ್ಲಂತೂ, ಇಷ್ಟಾದರೆ ಪರವಾಗಿಲ್ಲ ಅನ್ನುವ ಮಿತಿಯೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮಕ್ಕಳ ಮಿದುಳಿಗೆ ಕೆಟ್ಟದ್ದು.

ನಮ್ಮ ಅಂಗಡಿ

ಈಗ ನನ್ನ ವಿಷಯ ಮುಗಿಸ್ತೀನಿ. ನಮ್ಮ ದೇಶದ ಕಾಯಿದೆಯಲ್ಲಿ ಒಂದು ಅವಕಾಶ ಇದೆ. ಯಾರು ಬೇಕಾದರೂ ತಾವು ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ತಾನು ಬೆರೆಸಿಲ್ಲ ಅನ್ನುವುದು ತನಗೆ ಗೊತ್ತು, ಆದರೆ ಪುಡಿಯನ್ನು ಪೇಟೆಯಿಂದ ಮೂಟೆಯಲ್ಲಿ ತರೋದು, ಅದರೊಳಗೆ ಏನಿದೆ ಅಂತ ತನಗೂ ಗೊತ್ತಿಲ್ಲ ಅಂದರು. ಅಪ್ಪನ ಬಾಯಲ್ಲಿ ಆ ಮಾತು ಕೇಳಿ ನನಗೆ ಭಯ ಆಯಿತು. ಅಷ್ಟು ದಿನ ನಾನು ಜಗಳ ಆಡಿದ್ದು ನನಗೇ ಗೊತ್ತಿಲ್ಲದ ವಿಷಯಕ್ಕೆ!

ಎರಡು ದಿನ ಬಿಟ್ಟು ಅಪ್ಪನೇ ಒಂದು ಪೊಟ್ಟಣ ಕಟ್ಟಿದರು. ಯಾವ ಮೂಟೆ, ಯಾವತ್ತು ತಂದದ್ದು, ಎಷ್ಟು ಬೆಲೆ ಅಂತ ನನ್ನ ಕೈಲಿ ಬರೆಸಿದರು. ಹ್ಯಾಸಲ್ ಅವರ ಜೊತೆ ಮಿಲ್ಲರ್ ಇದ್ದ ಹಾಗೆ ನಾನಿದ್ದೆ. ಪೊಟ್ಟಣ ಪರೀಕ್ಷೆಗೆ ಹೋಗಿದೆ, ಫಲಿತಾಂಶ ಇನ್ನೂ ಬಂದಿಲ್ಲ. ಅದು ಬರುವವರೆಗೆ ಆ ಮೂಟೆಯಿಂದ ಮಾರುವುದು ಬೇಡ ಅಂತ ಅಪ್ಪ ಅದರ ಬಾಯಿ ಹೊಲೆದು ಮೂಲೆಗೆ ಇಟ್ಟಿದ್ದಾರೆ. ಒಂದು ಪೊಟ್ಟಣದ ಉತ್ತರ ಆ ಒಂದು ಮೂಟೆಗೆ ಮಾತ್ರ ಅನ್ನುವುದೂ ನನಗೆ ಈಗ ಗೊತ್ತು. ಮುಂದಿನ ಮೂಟೆಗೆ ಮತ್ತೆ ನೋಡಬೇಕು.

ಗೆಳೆಯರೇ, ಫಲಿತಾಂಶ ಬಂದ ದಿನ ಅದನ್ನು ಇದೇ ಗೋಡೆಯ ಮೇಲೆ ಬರೆಯುತ್ತೇನೆ. ಒಳ್ಳೆಯದಾದರೂ ಬರೀತೀನಿ, ಕೆಟ್ಟದ್ದಾದರೂ ಬರೀತೀನಿ. ಅಪ್ಪನ ಒಪ್ಪಿಗೆ ತಗೊಂಡಿದ್ದೇನೆ. ಅಲ್ಲಿಯವರೆಗೆ ನಮ್ಮ ಅಂಗಡಿ ಒಳ್ಳೆಯದು ಅಂತ ನಾನೂ ಹೇಳುವುದಿಲ್ಲ, ಕೆಟ್ಟದ್ದು ಅಂತ ನೀವೂ ಹೇಳಬೇಡಿ. ನಾನು ಹೊಡೆದ ಇಬ್ಬರು ಗೆಳೆಯರಲ್ಲಿ ಕ್ಷಮೆ ಕೇಳುತ್ತೇನೆ.

ತಪ್ಪಿದ್ದರೆ ಗುರುಗಳು ತಿದ್ದಬೇಕು.


ನಿಮ್ಮ ಸಹಪಾಠಿ, 9ನೇ ತರಗತಿ